ತಿಳಿದದ್ದು ಮತ್ತು ನಂಬಿದ್ದು

ತುಂಗೆಯಲ್ಲಿ ನೀರು ಏರಿದ ಸುದ್ದಿಯನ್ನು ಕನ್ನಡದಲ್ಲಿ ಮೂರು ಬಗೆಯಾಗಿ ಹೇಳಬಹುದು. ಹೊಳೆಯ ದಡದಲ್ಲಿ ನಿಂತು ಕಣ್ಣಾರೆ ನೋಡಿ ಬಂದವನು “ನೀರು ಏರಿದೆ” ಎನ್ನುತ್ತಾನೆ. ರಾತ್ರಿಯೆಲ್ಲ ಹೆಂಚಿನ ಮೇಲೆ ಸುರಿದ ಮಳೆಯ ಸದ್ದನ್ನು ಕೇಳುತ್ತ ಮನೆಯಲ್ಲಿಯೇ ಮಲಗಿದ್ದವನು “ನೀರು ಏರಿರಬೇಕು” ಎನ್ನುತ್ತಾನೆ. ನೋಡಿ ಬಂದವನ ಮಾತನ್ನು ಕೇಳಿಸಿಕೊಂಡು ಇನ್ನೊಬ್ಬರಿಗೆ ತಿಳಿಸುವವನು “ನೀರು ಏರಿದೆಯಂತೆ” ಎನ್ನುತ್ತಾನೆ. ಸುದ್ದಿ ಒಂದೇ, ಆದರೆ ಅದು ಹೇಳುವವನ ಬಳಿಗೆ ಬಂದ ದಾರಿ ಬೇರೆ ಬೇರೆ. ನಮ್ಮ ಭಾಷೆ ಆ ದಾರಿಯನ್ನು ಕ್ರಿಯಾಪದದ ಬಾಲಕ್ಕೇ ಕಟ್ಟಿ ಕಳಿಸುತ್ತದೆ.

ಪಂಡಿತರು ಇವೇ ಮೂರನ್ನು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಕರೆದರು. ಇಂದಿನ ಭಾಷಣದ ವಿಷಯ ಇದೇ. ನಾವು “ಗೊತ್ತು” ಎನ್ನುವುದಕ್ಕೆ ಯಾವಾಗ ಅಧಿಕಾರಿಗಳು, “ನಂಬಿದ್ದೇನೆ” ಎಂದಷ್ಟೇ ಹೇಳಿ ಯಾವಾಗ ಸುಮ್ಮನಾಗಬೇಕು ಎಂಬ ಪ್ರಶ್ನೆಯನ್ನು ಮಧ್ಯಯುಗದ ನಮ್ಮ ದಾರ್ಶನಿಕರು ಹೇಗೆ ವಿಚಾರ ಮಾಡಿದರು ಎಂಬುದು. ವಿಷಯ ಶುಷ್ಕವೆಂದು ಯಾರೂ ಹೆದರಬೇಕಾಗಿಲ್ಲ. ಹೊಗೆ, ಬೆಂಕಿ, ಹೊಳೆ, ಹಗ್ಗ, ಹಾವು, ಕವಡೆ—ಅವರು ತೆಗೆದುಕೊಂಡ ಉದಾಹರಣೆಗಳೆಲ್ಲ ನಮ್ಮ ಮನೆಯಂಗಳದವು.

ಮೊದಲು ಎರಡು ಪದಗಳ ವಿಚಾರ. ಶಾಸ್ತ್ರದಲ್ಲಿ ‘ಅನುಮಾನ’ವೆಂದರೆ ಗುರುತನ್ನು ಕಂಡು ವಸ್ತುವನ್ನು ನಿಶ್ಚಯಿಸುವುದು. ಕನ್ನಡದ ಬಳಕೆಯಲ್ಲಿ ಅದೇ ಪದಕ್ಕೆ ಸಂಶಯವೆಂಬ ಅರ್ಥ ಬಂದಿದೆ. ನಿಶ್ಚಯದ ಹೆಸರು ಸಂದೇಹದ ಹೆಸರಾಯಿತು! ಹಾಗೆಯೇ ‘ಪ್ರಮಾಣ’ವೆಂದರೆ ಶಾಸ್ತ್ರದಲ್ಲಿ ಸರಿಯಾದ ತಿಳಿವಳಿಕೆಗೆ ಸಾಧನ, ನಮ್ಮ ಊರುಗಳಲ್ಲಿ ಪ್ರಮಾಣವೆಂದರೆ ಆಣೆ. ತಾರ್ಕಿಕರ ಪ್ರಮಾಣ ಕೈಗೆ ಸಿಗದಿದ್ದಾಗಲೇ ದೇವರ ಮುಂದೆ ಪ್ರಮಾಣ ಮಾಡುವ ಸಂದರ್ಭ ಬರುವುದು. ಈ ಎರಡು ಪದಗಳು ಪಾಠಶಾಲೆಯಿಂದ ಪೇಟೆಗೆ ನಡೆದು ಬಂದ ದಾರಿಯಲ್ಲಿ ಮನುಷ್ಯಸ್ವಭಾವದ ಚರಿತ್ರೆಯೇ ಸ್ವಲ್ಪ ಅಡಗಿದೆ.

ಇಂಥ ವಿಚಾರ ನಡೆದದ್ದು ಕಾಶಿಯಲ್ಲಿ, ಮಿಥಿಲೆಯಲ್ಲಿ ಎಂದು ನಾವು ಭಾವಿಸುವುದು ವಾಡಿಕೆ. ಅಲ್ಲಿ ನಡೆದದ್ದು ನಿಜ. ಆದರೆ ಇಲ್ಲಿಯೂ ನಡೆಯಿತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವೆಂಬ ದೊಡ್ಡ ವಿದ್ಯಾಸ್ಥಾನವಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಒಂದು ಶಾಸನ ಅಲ್ಲಿ ಏನೇನು ಓದಿಸುತ್ತಿದ್ದರೆಂದು ಪಟ್ಟಿ ಕೊಡುತ್ತದೆ. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇವುಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು. ಮಠ ಕಾಳಾಮುಖ ಶೈವರದು. ಓದಿಸುತ್ತಿದ್ದುದರಲ್ಲಿ ಬೌದ್ಧ ದರ್ಶನವೂ ಸೇರಿತ್ತು. ತಾನು ಒಪ್ಪದ ಮತವನ್ನು ತನ್ನ ಮನೆಯಲ್ಲಿಯೇ, ತನ್ನ ಅನ್ನ ಹಾಕಿ ಓದಿಸುವುದು ಸಣ್ಣ ಮಾತಲ್ಲ. ಅದೇ ಶಾಸನ ಅಲ್ಲಿ ದೀನರಿಗೂ ಅನಾಥರಿಗೂ ಕುರುಡರಿಗೂ ಕುಂಟರಿಗೂ ಅನ್ನವಿತ್ತೆಂದು, ರೋಗಿಗಳಿಗೆ ಚಿಕಿತ್ಸೆಯಿತ್ತೆಂದು ಹೇಳುತ್ತದೆ.

ಇನ್ನೊಂದು ಸ್ಥಳ ಕೂಡ್ಲಿ. ಗಂಗಾಮೂಲದಲ್ಲಿ ಹುಟ್ಟಿದ ಎರಡು ನದಿಗಳಲ್ಲಿ ತುಂಗೆ ಶೃಂಗೇರಿ, ತೀರ್ಥಹಳ್ಳಿಗಳ ಮೇಲೆ ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಲಕ್ಕವಳ್ಳಿಯ ಮೇಲೆ ಭದ್ರಾವತಿಗೆ ಬರುತ್ತಾಳೆ. ಎರಡೂ ಊರುಗಳನ್ನು ದಾಟಿ ಅವರು ಕೂಡುವ ಜಾಗವೇ ಕೂಡ್ಲಿ. ಅಲ್ಲಿ ಶಂಕರರ ಪರಂಪರೆಯ ಅದ್ವೈತ ಮಠವೂ ಉಂಟು, ಅಕ್ಷೋಭ್ಯತೀರ್ಥರ ಹೆಸರಿನ ದ್ವೈತ ಮಠವೂ ಉಂಟು. ಈ ಅಕ್ಷೋಭ್ಯತೀರ್ಥರ ಶಿಷ್ಯರೇ ‘ಪ್ರಮಾಣಪದ್ಧತಿ’ಯೆಂಬ ಪುಟ್ಟ, ಅಚ್ಚುಕಟ್ಟಾದ ಗ್ರಂಥ ಬರೆದ ಜಯತೀರ್ಥರು. ಪ್ರಪಂಚ ಮಿಥ್ಯೆಯೆನ್ನುವವರೂ ಸತ್ಯವೆನ್ನುವವರೂ ಒಂದೇ ಸಂಗಮದ ನೀರಿನಲ್ಲಿ ಸ್ನಾನ ಮಾಡುತ್ತ ಬಂದಿದ್ದಾರೆ.

ಈಗ ವಿಚಾರಕ್ಕೆ ಬರೋಣ. ಸರಿಯಾದ ತಿಳಿವಳಿಕೆಗೆ ಶಾಸ್ತ್ರಕಾರರು ಪ್ರಮೆಯೆಂದರು, ತಪ್ಪಾದುದಕ್ಕೆ ಭ್ರಮೆಯೆಂದರು. ಪ್ರಮೆಯನ್ನು ಕೊಡುವ ದಾರಿಗಳೆಷ್ಟು? ಚಾರ್ವಾಕರು ಪ್ರತ್ಯಕ್ಷ ಒಂದೇ ಎಂದರು. ಬೌದ್ಧ ತಾರ್ಕಿಕರು ಅನುಮಾನವನ್ನು ಸೇರಿಸಿ ಎರಡೆಂದರು. ಸಾಂಖ್ಯರು ಶಬ್ದವನ್ನೂ ಸೇರಿಸಿ ಮೂರೆಂದರು. ಮಧ್ವಾಚಾರ್ಯರೂ ಮೂರನ್ನೇ ಒಪ್ಪಿದರು. ನೈಯಾಯಿಕರು ಉಪಮಾನವನ್ನು ಕೂಡಿಸಿ ನಾಲ್ಕೆಂದರು. ಕುಮಾರಿಲಭಟ್ಟನ ಮೀಮಾಂಸಕರು ಆರರವರೆಗೆ ಹೋದರು. ಹೊರಗಿನಿಂದ ನೋಡುವವರಿಗೆ ಇದು ಬರಿಯ ಲೆಕ್ಕದ ಜಗಳವಾಗಿ ಕಾಣಬಹುದು. ನಿಜವಾಗಿ ಇದು ನ್ಯಾಯಾಲಯದಲ್ಲಿ ಯಾರ ಸಾಕ್ಷ್ಯವನ್ನು ತೆಗೆದುಕೊಳ್ಳಬೇಕು, ಯಾರದನ್ನು ಬಿಡಬೇಕು ಎಂಬಂಥ ಪ್ರಶ್ನೆ.

ಕಣ್ಣಾರೆ ಕಂಡದ್ದರಲ್ಲಿ ತಪ್ಪೇನಿರಲು ಸಾಧ್ಯ ಎಂದು ನಾವು ಕೇಳುತ್ತೇವೆ. ಕತ್ತಲೆಯಲ್ಲಿ ತೋಟದ ದಾರಿ ಹಿಡಿದು ಬರುವವನು ಹಗ್ಗವನ್ನು ಹಾವೆಂದು ಬೆಚ್ಚಿ ಹಾರುತ್ತಾನೆ. ಬಿಸಿಲಿನಲ್ಲಿ ಹೊಳೆಯುವ ಕಪ್ಪೆಚಿಪ್ಪು ಬೆಳ್ಳಿಯಾಗಿ ಕಾಣುತ್ತದೆ. ಇಲ್ಲದ ಹಾವು ಕಂಡದ್ದಾದರೂ ಹೇಗೆ? ಈ ಒಂದು ಪ್ರಶ್ನೆಗೆ ನಮ್ಮವರು ಕೊಟ್ಟ ಉತ್ತರಗಳು ಅಚ್ಚರಿ ಹುಟ್ಟಿಸುವಷ್ಟು ಬಗೆಬಗೆಯವು. ನೈಯಾಯಿಕನು ಹೇಳುತ್ತಾನೆ: ಹಿಂದೆ ಬೇರೆಲ್ಲಿಯೋ ಕಂಡ ಹಾವಿನ ನೆನಪು ಮುಂದಿರುವ ಹಗ್ಗದ ಮೇಲೆ ಬಂದು ಕೂತಿತು; ಒಂದು ಇನ್ನೊಂದಾಗಿ ಕಂಡಿತು. ಪ್ರಭಾಕರನ ಮೀಮಾಂಸಕನು ಹೇಳುತ್ತಾನೆ: ತಪ್ಪು ತಿಳಿವಳಿಕೆಯೆಂಬುದೇ ಇಲ್ಲ, “ಇದು” ಎಂಬುದು ನೋಟ, “ಹಾವು” ಎಂಬುದು ನೆನಪು, ಎರಡರ ನಡುವಿನ ಅಂತರವನ್ನು ಗಮನಿಸದೆ ಹೋದದ್ದಷ್ಟೇ ಲೋಪ. ಅದ್ವೈತಿ ಹೇಳುತ್ತಾನೆ: ಕಂಡ ಹಾವನ್ನು ಇದ್ದಿತೆನ್ನಲಾಗದು, ಬೆಳಕು ತಂದೊಡನೆ ಹೋಯಿತು, ಇಲ್ಲವೆನ್ನಲೂ ಆಗದು, ಎದೆ ಹೊಡೆದುಕೊಂಡಿತು, ಆದ್ದರಿಂದ ಅದು ಅನಿರ್ವಚನೀಯ. ದ್ವೈತಿ ಹೇಳುತ್ತಾನೆ: ಇಲ್ಲಿ ಇಲ್ಲವೇ ಇಲ್ಲದ್ದು ಇದ್ದಂತೆ ಕಂಡಿತು; ಇಲ್ಲದ್ದು ಕಾಣಲಾರದೆಂದು ನಿಯಮವೇನು?

ಇವರಲ್ಲಿ ಯಾರು ಗೆದ್ದರೆಂದು ತೀರ್ಪು ಕೊಡುವುದು ಈ ಭಾಷಣದ ಕೆಲಸವಲ್ಲ. ಗಮನಿಸಬೇಕಾದದ್ದು ಇಷ್ಟು: ಇವರೆಲ್ಲರೂ ತಪ್ಪನ್ನು ಗೌರವದಿಂದ ಕಂಡರು. ತಪ್ಪಿದವನನ್ನು ಮೂರ್ಖನೆಂದು ಬೈದು ಮುಗಿಸಲಿಲ್ಲ. ತಪ್ಪು ಹೇಗೆ ಆಗುತ್ತದೆಂದು ತಿಳಿಯದವನಿಗೆ ಸರಿ ಹೇಗೆ ಆಗುತ್ತದೆಂಬುದೂ ತಿಳಿದಿಲ್ಲ ಎಂಬುದು ಅವರ ನಿಲುವು.

ಇನ್ನು ಅನುಮಾನ. ಮಳೆಗಾಲದಲ್ಲಿ ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲುಮಂಟಪವನ್ನು ನೋಡಲು ಹೋಗುತ್ತಾರೆ. ಮಂಟಪ ಮುಳುಗಿತೆಂದರೆ ಮೇಲೆ ಮಲೆನಾಡಿನಲ್ಲಿ ಭಾರಿ ಮಳೆಯಾಗಿದೆಯೆಂದು ಲೆಕ್ಕ. ಹೊಳೆ ತುಂಬಿದ್ದನ್ನು ಕಂಡು ಮೇಲೆ ಮಳೆಯಾಯಿತೆಂದು ಊಹಿಸುವುದು ನ್ಯಾಯಶಾಸ್ತ್ರದ ಅತಿ ಹಳೆಯ ಉದಾಹರಣೆಗಳಲ್ಲಿ ಒಂದು. ಅದಕ್ಕೆ ಆಕ್ಷೇಪವೂ ಅಷ್ಟೇ ಹಳೆಯದು: ಹೊಳೆಗೆ ಯಾರೋ ಅಡ್ಡಕಟ್ಟು ಹಾಕಿದ್ದರಿಂದಲೂ ನೀರು ಏರಬಹುದಲ್ಲ? ಗಾಜನೂರಿನಲ್ಲಿಯೂ ಲಕ್ಕವಳ್ಳಿಯಲ್ಲಿಯೂ ಅಣೆಕಟ್ಟು ಇರುವ ನಮಗೆ ಈ ಆಕ್ಷೇಪವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬಾಗಿಲು ತೆರೆದರೆ ಬಿಸಿಲಿನ ದಿನವೂ ಕೆಳಗೆ ನೀರು ಏರುತ್ತದೆ. ಹಾಗಾದರೆ ಅನುಮಾನ ಸುಳ್ಳಾಯಿತೆ? ನೈಯಾಯಿಕನ ಉತ್ತರ ಸೊಗಸಾಗಿದೆ: ಸುಳ್ಳಾದದ್ದು ಅನುಮಾನವಲ್ಲ, ನಿನ್ನ ನೋಟ. ಬರಿಯ ಏರಿದ ನೀರನ್ನು ನೋಡಿ ಹೇಳಬೇಡ. ಸೆಳವು ಎಷ್ಟಿದೆ ನೋಡು. ನೊರೆಯಿದೆಯೆ, ಎಲೆ, ಕಾಯಿ, ಮರದ ತುಂಡು ತೇಲಿ ಬರುತ್ತಿವೆಯೆ ನೋಡು. ಮಳೆಯ ನೀರಿನ ಗುರುತೇ ಬೇರೆ. ಗುರುತನ್ನು ಪೂರ್ತಿಯಾಗಿ ನೋಡದೆ ನಿರ್ಣಯಕ್ಕೆ ಹಾರಿದವನು ಶಾಸ್ತ್ರವನ್ನು ಬೈಯಬಾರದು.

ಹೊಗೆ ಮತ್ತು ಬೆಂಕಿಯ ಉದಾಹರಣೆ ಇನ್ನೂ ಪ್ರಸಿದ್ಧ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟು. ಏಕೆಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ. ಈ ಬಿಡಿಸಲಾಗದ ನಂಟಿಗೆ ವ್ಯಾಪ್ತಿಯೆಂದು ಹೆಸರು. ಆದರೆ ಮಾತನ್ನು ತಿರುಗಿಸಿ, ಬೆಂಕಿಯಿದೆ ಆದ್ದರಿಂದ ಹೊಗೆಯೂ ಇದೆ ಎನ್ನಬಹುದೆ? ಕೂಡದು ಎಂದು ತಾರ್ಕಿಕರು ತೋರಿಸಿದ ದೃಷ್ಟಾಂತ ಯಾವುದು ಗೊತ್ತೆ? ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಭದ್ರಾವತಿಯವರಿಗೆ ಇದು ಪುಸ್ತಕದ ಮಾತಲ್ಲ. 1923ರಲ್ಲಿ ಊದುಕುಲುಮೆ ಹೊತ್ತಿದಂದಿನಿಂದ ಕಾದ ಕಬ್ಬಿಣವನ್ನು ಕಣ್ಣಾರೆ ಕಂಡ ಎಷ್ಟೋ ತಲೆಮಾರುಗಳು ಆ ಊರಿನಲ್ಲಿ ಆಗಿಹೋಗಿವೆ. ಕುಲುಮೆಗೆ ಇದ್ದಿಲು ಒದಗಿಸಲು ಮಲೆನಾಡಿನ ಸೌದೆಯನ್ನು ಸುಡುತ್ತಿದ್ದಾಗ ಹೊಗೆಯೇ ಹೊಗೆ. ಕುಲುಮೆಯಿಂದ ಹೊರಬಂದ ಕೆಂಪು ಲೋಹಕ್ಕೆ ಹೊಗೆಯಿಲ್ಲ. ಹಾಗಾದರೆ ಹೊಗೆ ಹುಟ್ಟಿದ್ದು ಬೆಂಕಿಯಿಂದ ಮಾತ್ರವಲ್ಲ, ಬೆಂಕಿಗೆ ಬಿದ್ದ ಹಸಿಸೌದೆಯಿಂದ. ಹೀಗೆ ನಮ್ಮ ಲೆಕ್ಕಕ್ಕೆ ಬಾರದೆ ಒಳಗೆ ಅಡಗಿ ಕೆಲಸ ಮಾಡುವ ಸಂಗತಿಗೆ ‘ಉಪಾಧಿ’ ಎಂದು ಹೆಸರಿಟ್ಟರು.

ಈ ಉಪಾಧಿಯೆಂಬ ಪದವನ್ನು ನಾವೆಲ್ಲ ಮನೆಗೆ ತಂದಿಟ್ಟುಕೊಳ್ಳಬೇಕು. ಒಬ್ಬ ವೈದ್ಯರ ಔಷಧದಿಂದ ಹತ್ತು ಜನರಿಗೆ ಗುಣವಾಯಿತು. ಆದ್ದರಿಂದ ಔಷಧ ಒಳ್ಳೆಯದು ಎನ್ನುತ್ತೇವೆ. ಆ ಹತ್ತು ಜನರ ಜ್ವರ ತಾನಾಗಿಯೇ ಇಳಿಯುವಂಥದಾಗಿತ್ತೆ? ಅಲ್ಲಿ ಹಸಿಸೌದೆ ಯಾವುದು, ಬೆಂಕಿ ಯಾವುದು? ಇಂಥ ಊರಿನವರೆಲ್ಲ ಹೀಗೆಯೇ, ಇಂಥ ಜಾತಿಯವರೆಲ್ಲ ಹಾಗೆಯೇ ಎಂದು ನಾಲ್ಕು ಜನರನ್ನು ಕಂಡು ನಿರ್ಣಯಿಸುವವನಿಗೂ ತಾರ್ಕಿಕನು ಕೇಳುವ ಪ್ರಶ್ನೆ ಒಂದೇ: ಕಾದ ಕಬ್ಬಿಣವನ್ನು ನೋಡಿದ್ದೀಯೇನಪ್ಪ?

ಆದರೆ ಉಪಾಧಿ ಇಲ್ಲವೆಂದು ಗೊತ್ತಾಗುವುದಾದರೂ ಹೇಗೆ? ಮೂರು ಕಾಲದ, ಮೂರು ಲೋಕದ ಎಲ್ಲ ಹೊಗೆಯನ್ನೂ ಯಾರು ನೋಡಿಬಂದಿದ್ದಾರೆ? ಇದು ಚಾರ್ವಾಕನ ಪೆಟ್ಟು, ಬಲವಾದ ಪೆಟ್ಟು. ನೈಯಾಯಿಕ ಉದಯನನು ಇದಕ್ಕೆ ಕೊಟ್ಟ ಉತ್ತರದ ಸಾರ ಹೀಗಿದೆ. ಸಂಶಯ ಪಡು, ತಡೆಯುವುದಿಲ್ಲ. ಆದರೆ ನಿನ್ನ ನಡೆಯೇ ನಿನ್ನ ಸಂಶಯವನ್ನು ಸುಳ್ಳು ಮಾಡುವಲ್ಲಿಗೆ ಅದು ನಿಲ್ಲಬೇಕು. ಬೆಂಕಿಯಿಂದ ಹೊಗೆ ಬರುತ್ತದೆಯೋ ಇಲ್ಲವೋ ಎಂದು ವಾದಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುತ್ತಾನೆ. ಹಸಿವಾದಾಗ ಅನ್ನಕ್ಕೇ ಕೈ ಹಾಕುತ್ತಾನೆ. ಮಾತಿನಿಂದ ಅರ್ಥ ತಿಳಿಯುವುದೇ ಎಂಬ ಸಂಶಯವನ್ನೂ ಮಾತಿನಿಂದಲೇ ತಿಳಿಸುತ್ತಾನೆ. ಕೈ ನಂಬಿದ್ದನ್ನು ಬಾಯಿ ನಂಬುವುದಿಲ್ಲವೆಂದರೆ ಆ ಬಾಯಿಗೆ ಎಷ್ಟು ಬೆಲೆ ಕೊಡಬೇಕು?

ಉದಯನನ ಈ ಸಮಾಧಾನವೂ ಎಲ್ಲರಿಗೆ ಸಮಾಧಾನ ಕೊಡಲಿಲ್ಲ. 12ನೆಯ ಶತಮಾನದಲ್ಲಿ ಶ್ರೀಹರ್ಷನೆಂಬ ಮಹಾಮೇಧಾವಿ ಇದ್ದನು. ‘ನೈಷಧ’ ಕಾವ್ಯವನ್ನು ಬರೆದವನೂ ಅವನೇ. ತನ್ನ ‘ಖಂಡನಖಂಡಖಾದ್ಯ’ದಲ್ಲಿ ಅವನು ತಾರ್ಕಿಕರ ಲಕ್ಷಣಗಳನ್ನೆಲ್ಲ ಹಿಡಿದು ಅಲ್ಲಾಡಿಸಿದನು. ಇದ್ದದ್ದನ್ನು ಇದ್ದಹಾಗೆ ತಿಳಿಯುವುದೇ ಪ್ರಮೆ ಎಂದರೆ, ಅವನು ಕೇಳುವುದು ಹೀಗೆ: ಒಬ್ಬನು ಮುಷ್ಟಿಯಲ್ಲಿ ಕವಡೆ ಹಿಡಿದು ಎಷ್ಟಿವೆ ಎಂದು ಕೇಳುತ್ತಾನೆ. ಇನ್ನೊಬ್ಬನು ಬಾಯಿಗೆ ಬಂದಂತೆ “ಐದು” ಎನ್ನುತ್ತಾನೆ. ಮುಷ್ಟಿ ಬಿಚ್ಚಿದರೆ ಐದೇ ಇವೆ! ಹೇಳಿದ್ದು ನಿಜವಾಯಿತು. ಆದರೆ ಅವನಿಗೆ ಅದು ಗೊತ್ತಿತ್ತೆ? ದೂರದ ಮಂಜನ್ನು ಹೊಗೆಯೆಂದು ಭ್ರಮಿಸಿ ಅಲ್ಲಿ ಬೆಂಕಿಯಿದೆ ಎನ್ನುವವನ ಕಥೆಯೂ ಇದೇ. ಹೋಗಿ ನೋಡಿದರೆ ದೈವಾಧೀನ ಅಲ್ಲಿ ಬೆಂಕಿಯೂ ಇದೆ. ನಿರ್ಣಯ ಸರಿ, ದಾರಿ ತಪ್ಪು. ಆಗುಂಬೆಯ ಮಂಜನ್ನು ಕಂಡವರಿಗೆ ಈ ಪ್ರಮಾದ ಎಷ್ಟು ಸುಲಭವೆಂದು ಗೊತ್ತು.

ಶ್ರೀಹರ್ಷನಿಗಿಂತ ನಾಲ್ಕು ಶತಮಾನ ಹಿಂದೆ ಬೌದ್ಧ ತಾರ್ಕಿಕನಾದ ಧರ್ಮೋತ್ತರನೂ ಇಂಥ ಉದಾಹರಣೆಗಳನ್ನು ಚರ್ಚಿಸಿದ್ದನು. ವಿನೋದವೆಂದರೆ, 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟಿಯರ್ ಎಂಬ ತತ್ತ್ವಶಾಸ್ತ್ರಜ್ಞರು ಮೂರೇ ಪುಟದ ಲೇಖನವೊಂದನ್ನು ಬರೆದು, ಸಕಾರಣವಾದ ನಂಬಿಕೆ ನಿಜವಾದ ಮಾತ್ರಕ್ಕೆ ಅದು ಜ್ಞಾನವಾಗುವುದಿಲ್ಲವೆಂದು ತೋರಿಸಿದರು. ಪಶ್ಚಿಮದ ವಿದ್ವತ್ ಪ್ರಪಂಚ ಅಂದಿನಿಂದ ಅದನ್ನು ಚರ್ಚಿಸುತ್ತಲೇ ಇದೆ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂದು ಬೀಗುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ನಿಜವಾದ ಪ್ರಶ್ನೆ ಯಾವ ದೇಶದಲ್ಲಿ ಎದ್ದರೂ ಅದೇ ಪ್ರಶ್ನೆಯೆಂದು ತೋರಿಸಲು ಹೇಳಿದ್ದು.

ಮೂರನೆಯದು ಶಬ್ದ, ಎಂದರೆ ನಂಬಬಹುದಾದವರ ಮಾತು. ನಾವು ತಿಳಿದಿರುವುದರಲ್ಲಿ ಬಹುಪಾಲು ಹೀಗೆ ಕೇಳಿ ತಿಳಿದದ್ದೇ. ನಾವು ಹುಟ್ಟಿದ ದಿನವನ್ನು ನಾವೇ ನೋಡಿ ತಿಳಿದದ್ದಲ್ಲ, ತಾಯಿ ಹೇಳಿದ್ದು. ಆದ್ದರಿಂದ ಯಾರ ಮಾತು ಪ್ರಮಾಣ ಎಂಬುದು ಬಹಳ ಮುಖ್ಯ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನೆಂದರೆ ಯಾರೆಂದು ಹೇಳಿದ್ದಾನೆ: ವಿಷಯವನ್ನು ತಾನು ನೇರವಾಗಿ ಬಲ್ಲವನು, ಬಲ್ಲಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಸೇರಿಸುತ್ತಾನೆ. ಇಲ್ಲಿ ಕುಲ ಕೇಳಲಿಲ್ಲ, ಬಿರುದು ಕೇಳಲಿಲ್ಲ. ಬಲ್ಲೆಯಾ, ಬಲ್ಲಂತೆ ಹೇಳುವೆಯಾ ಎಂದಷ್ಟೇ ಕೇಳಿದ್ದು.

ಶಾಸ್ತ್ರವಾಕ್ಯಕ್ಕೂ ಕಣ್ಣಿಗೂ ವಿರೋಧ ಬಂದರೆ? ಶಂಕರರು ಗೀತಾಭಾಷ್ಯದಲ್ಲಿ, ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ಶ್ರುತಿಗೆ ತನ್ನದೇ ಕ್ಷೇತ್ರವುಂಟು. ಕಣ್ಣಿನ ಕ್ಷೇತ್ರಕ್ಕೆ ಅದು ಕೈ ಹಾಕುವುದಿಲ್ಲ. ಮಧ್ವಾಚಾರ್ಯರು ಇನ್ನೂ ಮುಂದೆ ಹೋಗಿ, ಪ್ರತ್ಯಕ್ಷವನ್ನು ಆಶ್ರಯಿಸಿಯೇ ನಿಂತಿರುವ ಆಗಮವು ತನ್ನ ಆಶ್ರಯವನ್ನೇ ಕೆಡವಲಾರದೆಂದರು. ಸಿದ್ಧಾಂತದಲ್ಲಿ ಉತ್ತರ ದಕ್ಷಿಣವಾಗಿರುವ ಇಬ್ಬರು ಆಚಾರ್ಯರೂ ಇಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿ ನೋಡಿದರು.

ಇದೇ ಸುಮಾರಿನ ಶತಮಾನಗಳಲ್ಲಿ ದೂರದ ದೇಶಗಳಲ್ಲಿಯೂ ಈ ಚಿಂತೆ ನಡೆದಿತ್ತು. 1111ರಲ್ಲಿ ತೀರಿಕೊಂಡ ಪರ್ಷಿಯಾದ ಅಲ್ ಗಜಾಲಿಗೆ, ನಿಂತಂತೆ ಕಾಣುವ ನೆರಳು ಚಲಿಸುತ್ತಿರುವುದನ್ನು ಕಂಡು ಇಂದ್ರಿಯಗಳ ಮೇಲಿನ ನಂಬಿಕೆಯೇ ಹೋಯಿತು. ಕನಸನ್ನು ನೆನೆದು ಬುದ್ಧಿಯ ಮೇಲಿನ ನಂಬಿಕೆಯೂ ಅಲುಗಿತು. ಆ ಸಂಶಯರೋಗದಿಂದ ತನ್ನನ್ನು ಬಿಡಿಸಿದ್ದು ಯುಕ್ತಿಯಲ್ಲ, ದೈವದತ್ತವಾದ ಒಂದು ಬೆಳಕು ಎಂದು ಅವನು ಬರೆದಿದ್ದಾನೆ. ಮಧ್ವಾಚಾರ್ಯರು ಬಾಳಿದ 13ನೆಯ ಶತಮಾನದಲ್ಲಿಯೇ ಇಟಲಿಯ ಥಾಮಸ್ ಅಕ್ವಿನಾಸ್, ಒಬ್ಬನೇ ಮನುಷ್ಯನು ಒಂದೇ ವಿಷಯವನ್ನು ಒಂದೇ ವೇಳೆಯಲ್ಲಿ ಯುಕ್ತಿಯಿಂದ ತಿಳಿದೂ ಇರಲಾರ, ಶ್ರದ್ಧೆಯಿಂದ ನಂಬಿಯೂ ಇರಲಾರ ಎಂದು ವಾದಿಸಿದನು. ತಿಳಿದ ಮೇಲೆ ನಂಬುವುದಕ್ಕೆ ಉಳಿಯುವುದೇನು?

ಈ ಪ್ರಶ್ನೆ ನಮ್ಮವರಲ್ಲಿ ಇನ್ನೊಂದು ರೂಪ ತಾಳಿತು. ಒಂದು ತಿಳಿವಳಿಕೆ ಸರಿಯಾದದ್ದೆಂದು ಗೊತ್ತಾಗುವುದು ಅದರಿಂದಲೇಯೋ, ಬೇರೊಂದರಿಂದಲೋ? ಶಿವಮೊಗ್ಗದ ಮಂಡಿಯಲ್ಲಿ ಇಂದು ರಾಶಿ ಅಡಿಕೆಗೆ ಇಷ್ಟು ಧಾರಣೆಯೆಂದು ಪರಿಚಯದವರೊಬ್ಬರು ಹೇಳಿದರೆನ್ನಿ. ಮೀಮಾಂಸಕನು ಹೇಳುತ್ತಾನೆ: ನಂಬು, ಅದನ್ನು ಸುಳ್ಳೆನ್ನಲು ಕಾರಣ ಸಿಗುವವರೆಗೆ ಅದು ನಿಜವೇ. ನೈಯಾಯಿಕನು ಹೇಳುತ್ತಾನೆ: ಅಡಿಕೆಯನ್ನು ಮಂಡಿಗೆ ಹಾಕು, ಅಷ್ಟು ಹಣ ಕೈಗೆ ಬಂದಾಗ ನಿಜವೆಂದು ಗೊತ್ತಾಗುತ್ತದೆ. ಮೊದಲನೆಯವನು ಸಂಶಯಕ್ಕೆ ಕಾರಣ ಕೇಳುತ್ತಾನೆ. ಎರಡನೆಯವನು ನಂಬಿಕೆಗೆ ಕಾರಣ ಕೇಳುತ್ತಾನೆ. ಪ್ರತಿಯೊಂದಕ್ಕೂ ಪರೀಕ್ಷೆ ಬೇಕೆಂದರೆ ಆ ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಬೇಕು, ಕೊನೆಯೇ ಇಲ್ಲ. ಪರೀಕ್ಷೆಯೇ ಬೇಡವೆಂದರೆ ಭ್ರಮೆಗೆ ಬಾಗಿಲು ತೆರೆದಂತೆ.

ಮಧ್ವಾಚಾರ್ಯರು ಇಲ್ಲಿ ‘ಸಾಕ್ಷಿ’ಯೆಂಬ ತತ್ತ್ವವನ್ನು ತಂದರು. ನನಗೆ ತಲೆನೋವು ಇದೆಯೋ ಇಲ್ಲವೋ ಎಂದು ನಾನು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾಗಿಲ್ಲ. ಸುಖದುಃಖಗಳನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಬಲ್ಲ ಆತ್ಮಸ್ವರೂಪವೇ ಸಾಕ್ಷಿ. ಕಣ್ಣು ತಪ್ಪಬಹುದು, ಮನಸ್ಸು ತಪ್ಪಬಹುದು. ಪರೀಕ್ಷೆ ಮಾಡಿದ ಮೇಲೆ ಸಾಕೆಂದು ನಿಲ್ಲಿಸಿ ನಿಶ್ಚಯಿಸುವವನು ಒಳಗಿನ ಈ ಸಾಕ್ಷಿ. ಪರೀಕ್ಷೆಯೂ ಬೇಕು, ಪರೀಕ್ಷೆಗೆ ಒಂದು ನಿಲುಗಡೆಯೂ ಬೇಕು. 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರು ತಮ್ಮ ‘ತರ್ಕತಾಂಡವ’ದಲ್ಲಿ ಇದನ್ನು ಸಮರ್ಥಿಸುತ್ತ, ಮಿಥಿಲೆಯ ಗಂಗೇಶನ ‘ತತ್ತ್ವಚಿಂತಾಮಣಿ’ಯನ್ನು ಹಿಡಿದು ವಿಮರ್ಶಿಸಿದರು. ಮಿಥಿಲೆಯ ಗ್ರಂಥ ವಿಜಯನಗರದ ಸೀಮೆಯನ್ನು ಮುಟ್ಟಿತ್ತು, ಓದಲ್ಪಟ್ಟಿತ್ತು, ಉತ್ತರ ಪಡೆದಿತ್ತು. ಅವರ ‘ನ್ಯಾಯಾಮೃತ’ಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯನ್ನು ಬರೆದರು, ಅದಕ್ಕೆ ದ್ವೈತಿಗಳಿಂದ ಮತ್ತೆ ಉತ್ತರ ಬಂತು. ವಾದ ಬೆಳೆದಷ್ಟೂ ಎರಡು ಪಕ್ಷಗಳ ಗ್ರಂಥಗಳೂ ಹರಿತವಾದವು.

ಈ ವಾದಗಳಿಗೆ ಒಂದು ಕಟ್ಟಳೆಯಿತ್ತು. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ಮತವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಿ ಆಮೇಲೆ ಖಂಡಿಸಬೇಕು. ಸಂಪ್ರದಾಯವು ವಿದ್ಯಾರಣ್ಯರೆಂದು ಗುರುತಿಸುವ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದೇ ಚಾರ್ವಾಕನಿಂದ. ದೇವರಿಲ್ಲ, ಪರಲೋಕವಿಲ್ಲ, ಅನುಮಾನವೇ ಪ್ರಮಾಣವಲ್ಲ ಎನ್ನುವವನಿಗೆ ಮೊದಲ ಮಣೆ! ಚಾರ್ವಾಕರ ಗ್ರಂಥಗಳು ಹೆಚ್ಚಾಗಿ ಉಳಿಯದ ಕಾರಣ, ಅವರ ವಾದ ಏನಿತ್ತೆಂದು ಇಂದು ತಿಳಿಯಬೇಕಾದವರು ಈ ಆಸ್ತಿಕರ ಪುಸ್ತಕವನ್ನೇ ತೆರೆಯಬೇಕಾಗಿದೆ. ವಿರೋಧಿಯ ಮಾತನ್ನು ವಿರೋಧಿಯೇ ಕಾಪಾಡಿಕೊಟ್ಟನು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಅದು ಪ್ರಾಮಾಣಿಕವಾಗದು. ಮಲೆಯನ ಮಾತೂ ಮ್ಲೇಚ್ಛನ ಮಾತೂ ಪ್ರಮಾಣವಾಗಬಹುದೆಂದು ತತ್ತ್ವದಲ್ಲಿ ಒಪ್ಪಿದರೂ, ವಾದದ ಮಂಟಪಕ್ಕೆ ಅವರು ಬರಲಿಲ್ಲ, ಬರಗೊಡಲಿಲ್ಲ. ಹೆಂಗಸರೂ ಹೆಚ್ಚಾಗಿ ಹೊರಗೆಯೇ ಉಳಿದರು. ಸಂಸ್ಕೃತ ಕಲಿತ ಕೆಲವರ ನಡುವೆ ನಡೆದ ಮಾತು ಇದು. ಇದನ್ನು ಕಂಡವರು ಅಂದೇ ಇದ್ದರು. ಅದೇ ಬಳ್ಳಿಗಾವಿಯ ಅಲ್ಲಮ, ಅದಕ್ಕೆ ಸಮೀಪದ ಉಡುತಡಿಯ ಅಕ್ಕಮಹಾದೇವಿ, ಅವರ ಜೊತೆಯ 12ನೆಯ ಶತಮಾನದ ಶರಣರು ಪ್ರಶ್ನೆಯನ್ನು ಕನ್ನಡಕ್ಕೆ ತಂದರು. ಓದಿದ್ದೂ ಕೇಳಿದ್ದೂ ಸಾಲದು, ಬಾಳಿ ಅರಿತದ್ದೇ ಅರಿವು ಎಂದು ಅನುಭಾವವನ್ನು ಮುಂದಿಟ್ಟರು. ದೋಣಿ ನಡೆಸುವವನೂ ಬಟ್ಟೆ ಮಡಿ ಮಾಡುವವನೂ ಸೌದೆ ಮಾರುವವನೂ ಕುಳಿತು ತಾನು ಬಲ್ಲದ್ದನ್ನು ಹೇಳಿದನು. ಆಪ್ತನ ಲಕ್ಷಣವನ್ನು ಭಾಷ್ಯಕಾರನು ಬರೆದಿಟ್ಟನು. ಅದನ್ನು ಬಳಕೆಗೆ ತಂದವರು ಶರಣರು ಎಂದರೆ ತಪ್ಪಾಗಲಾರದು.

ಇದೆಲ್ಲ ಹಳೆಯ ಮಾತು, ಇಂದಿಗೇನು ಎಂದು ಕೇಳಬಹುದು. ಇಂದು ಶಬ್ದಪ್ರಮಾಣ ನಮ್ಮ ಜೇಬಿನಲ್ಲಿಯೇ ಇದೆ. ಮೊಬೈಲಿನಲ್ಲಿ ಒಂದು ಸುದ್ದಿ ಬರುತ್ತದೆ: ಅಣೆಕಟ್ಟು ಬಿರುಕು ಬಿಟ್ಟಿದೆ, ಮಕ್ಕಳ ಕಳ್ಳರು ಬಂದಿದ್ದಾರೆ, ಇಂಥ ಸೊಪ್ಪಿನ ಕಷಾಯದಿಂದ ಇಂಥ ರೋಗ ಹೋಗುತ್ತದೆ. ಕಳಿಸಿದವರು ನಮ್ಮ ನೆಂಟರೇ, ಮೋಸಗಾರರಲ್ಲ. ಬಲ್ಲಂತೆ ತಿಳಿಸಬೇಕೆಂಬ ಇಚ್ಛೆ ಅವರಿಗೆ ಇದೆ. ಇಲ್ಲದ್ದು ಮೊದಲನೆಯ ಲಕ್ಷಣ: ವಿಷಯವನ್ನು ಅವರು ನೇರವಾಗಿ ಬಲ್ಲವರಲ್ಲ. ಅವರಿಗೆ ಹೇಳಿದವರೂ ಬಲ್ಲವರಲ್ಲ. ಒಳ್ಳೆಯವರ ಸರಪಳಿಯಲ್ಲಿ ಹರಿದುಬಂದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಮಕ್ಕಳ ಕಳ್ಳರೆಂಬ ಇಂಥ ಸುದ್ದಿಯನ್ನು ನಂಬಿದ ಗುಂಪುಗಳು 2018ರಲ್ಲಿ ನಮ್ಮ ದೇಶದ ಹಲವು ಕಡೆ ನಿರಪರಾಧಿಗಳನ್ನು ಹೊಡೆದು ಕೊಂದವು. ನಮ್ಮ ರಾಜ್ಯದಲ್ಲಿಯೂ ಅದು ನಡೆಯಿತು. ಹಗ್ಗವನ್ನು ಹಾವೆಂದು ತಿಳಿದವನು ಹಗ್ಗವನ್ನು ಹೊಡೆದರೆ ನಷ್ಟವಿಲ್ಲ. ಮನುಷ್ಯನನ್ನು ಹಾವೆಂದು ತಿಳಿದು ಹೊಡೆದವನಿಗೆ ಬೆಳಕು ತಂದು ತೋರಿಸುವ ವೇಳೆಗೆ ಹೊತ್ತು ಮೀರಿರುತ್ತದೆ.

ಆದ್ದರಿಂದ ಪ್ರಮಾಣವಿಚಾರ ಪಂಡಿತರಿಗೆ ಬಿಟ್ಟುಬಿಡುವ ವಿಚಾರವಲ್ಲ. ಹಾಗೆಂದು ಎಲ್ಲರೂ ‘ತರ್ಕತಾಂಡವ’ವನ್ನು ಓದಬೇಕಾಗಿಲ್ಲ. ಆರಂಭದಲ್ಲಿ ಹೇಳಿದ ಮೂರು ವಾಕ್ಯಗಳನ್ನು ಬೆರಸದೆ ಇಟ್ಟುಕೊಂಡರೆ ಅರ್ಧ ಕೆಲಸ ಆಯಿತು. ಕಂಡದ್ದನ್ನು ಕಂಡೆನೆನ್ನೋಣ, ಊಹಿಸಿದ್ದನ್ನು ಇರಬೇಕೆನ್ನೋಣ, ಕೇಳಿದ್ದನ್ನು ಅಂತೆಯೆನ್ನೋಣ. ಅಂತೆ ಕಂತೆ ಎಂದು ನಾವು ಹಗುರವಾಗಿ ಆಡಿಕೊಳ್ಳುವ ಆ ಪ್ರತ್ಯಯ ಎಷ್ಟು ಪ್ರಾಮಾಣಿಕವಾದದ್ದು ನೋಡಿ. ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದು ಅದು ಕೈಯೆತ್ತಿ ಹೇಳುತ್ತದೆ. ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಉದುರಿಹೋಗುವುದು ಈ ಎರಡು ಅಕ್ಷರ. ಅದು ಉದುರಿದ ಕ್ಷಣದಲ್ಲಿ ನಂಬಿದ್ದು ತಿಳಿದದ್ದರ ವೇಷ ತೊಡುತ್ತದೆ. ಮುಂದಿನವರಿಗೆ ಮಾತು ದಾಟಿಸುವಾಗ ಆ ಎರಡು ಅಕ್ಷರವನ್ನೂ ಜೊತೆಗೆ ದಾಟಿಸುವುದು ನಮ್ಮ ಕೈಯಲ್ಲಿದೆ.